ಮೂರು ಕಾಲಿನ ಲೆನ್ಸು

ಹದಿನೇಳು ದಿನ ನಮ್ಮ ಮನೆಯವರು ಟಾರ್ಚ್ ಬಿಟ್ಟುಕೊಂಡು ಟಿವಿ ನೋಡಿದರು. ಪರದೆ ಕಪ್ಪಾಗಿತ್ತು, ಮಾತು ಮಾತ್ರ ಕೇಳಿಸುತ್ತಿತ್ತು. ಮಂಚದ ಕೆಳಗೆ ಉರುಳಿದ ಮಾತ್ರೆ ಹುಡುಕಲು ಅಜ್ಜಿ ಟಾರ್ಚ್ ಹಾಕಿದಾಗ ಬೆಳಕು ಪರದೆಗೆ ತಗುಲಿ, ಅಲ್ಲಿ ವಾರ್ತೆ ಓದುವ ಹೆಂಗಸಿನ ಮೂಗು ಕಾಣಿಸಿತು. ಚಿತ್ರ ಒಳಗೇ ಇತ್ತು, ಅದರ ಹಿಂದೆ ಉರಿಯಬೇಕಾದ ದೀಪಗಳು ಹೋಗಿದ್ದವು, ಅಷ್ಟೆ.

ಅಂದಿನಿಂದ ಟಾರ್ಚ್ ಯಾರ ಕೈಯಲ್ಲೋ ಟಿವಿ ಅವರದು. ಅಪ್ಪ ಸ್ಕೋರ್ ಬರುವ ಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಅಮ್ಮ ಬಟ್ಟೆ ಹೊಲಿಯುವವಳು. ಧಾರಾವಾಹಿಯಲ್ಲಿ ಯಾರು ಅತ್ತರೂ ಯಾರು ಸತ್ತರೂ ಅವಳ ಬೆಳಕು ತೋಳಿನ ಹೊಲಿಗೆಯ ಮೇಲೆಯೇ.

"ಕೊಲೆ ಮಾಡಿದವನು ಯಾರು ಅಂತ ಹೇಳ್ತಾ ಇದ್ದಾರೆ, ನೀನು ಅವನ ಜೇಬು ತೋರಿಸ್ಕೊಂಡು ಕೂತಿದ್ದೀಯಲ್ಲೇ" ಎಂದು ಅಜ್ಜಿ ಸೊಸೆಯ ಮೇಲೆ ರೇಗುತ್ತಿದ್ದಳು.

"ಜೇಬು ಸೊಟ್ಟಗಿದೆ ಅತ್ತೆ. ಅಷ್ಟು ದೊಡ್ಡ ಕಂಪನಿ, ಒಂದು ಜೇಬು ನೆಟ್ಟಗೆ ಹೊಲಿಯೋಕೆ ಬರಲ್ಲ."

ಮೊದಲು ರಿಪೇರಿ ಅಂಗಡಿಗೇ ಒಯ್ದಿದ್ದೆವು. ಅಂಗಡಿಯವನು ಹಿಂದಿನ ಮುಚ್ಚಳ ಕೂಡ ಬಿಚ್ಚಲಿಲ್ಲ. ಪೆನ್ಸಿಲ್ಲಿನ ಹಿಂಬದಿಯಿಂದ ಪರದೆಗೆ ಎರಡು ಸಲ ಕುಟ್ಟಿ, "ಪ್ಯಾನೆಲ್ ಹೋಗಿದೆ, ಎಸೀರಿ" ಎಂದ. ಕುಟ್ಟಿದ್ದಕ್ಕೂ ದುಡ್ಡು ಕೇಳಿದ. ನನ್ನ ಪಿತ್ತ ನೆತ್ತಿಗೇರಿತು. ಮುಚ್ಚಳ ಬಿಚ್ಚದೆ ಒಳಗೇನು ಹೋಗಿದೆ ಎಂದು ಹೇಳುವವನು ಅಂಗಡಿ ಮುಚ್ಚಿ ಕೈ ನೋಡಿ ಭವಿಷ್ಯ ಹೇಳಲಿ ಎಂದೆ. ಅವನೂ ಏನೋ ಅಂದ. ಅಪ್ಪ ಒಂದು ಕೈಯಲ್ಲಿ ಟಿವಿ, ಇನ್ನೊಂದು ಕೈಯಲ್ಲಿ ನನ್ನ ಕಾಲರ್ ಹಿಡಿದು ಮನೆಗೆ ನಡೆದರು.

ಮನೆಯಲ್ಲಿ ನನಗೆ ಕೆಂಡ ಎಂದು ಹೆಸರು. ಒಂಬತ್ತನೆಯ ತರಗತಿಯಲ್ಲಿ ಲೆಕ್ಕದ ಮೇಷ್ಟರ ಜೊತೆ ಮಾತಿಗೆ ಮಾತು ಬೆಳೆದು ಎದ್ದುಬಂದವನು ಮತ್ತೆ ಶಾಲೆಯ ಗೇಟು ನೋಡಲಿಲ್ಲ. ಆಮೇಲೆ ನಾಲ್ಕು ವರ್ಷ ಫ್ಯಾನು, ಮಿಕ್ಸಿ ರಿಪೇರಿ ಮಾಡುವಲ್ಲಿ ಕೆಲಸ ಕಲಿತೆ. ಅಲ್ಲೂ ಮಾಲೀಕನ ಜೊತೆ ಮಾತು ಬೆಳೆಯಿತು. ಕೆಲಸ ಮಾತ್ರ ಕೈಯಲ್ಲಿ ಉಳಿದಿತ್ತು. ಬೀದಿಗೆ ಕಿಟಕಿಯಿರುವ ನಮ್ಮ ಮುಂದಿನ ಕೋಣೆ ಸಿಕ್ಕರೆ ಅಲ್ಲೊಂದು ಟೇಬಲ್ ಹಾಕಿ ನಾನೇ ರಿಪೇರಿ ಶುರುಮಾಡಬೇಕು ಎಂದು ಆರು ತಿಂಗಳಿಂದ ಅಪ್ಪನ ಹಿಂದೆ ಬಿದ್ದಿದ್ದೆ.

ಅದೇ ಕೋಣೆಯ ಮೇಲೆ ಭಾವನ ಕಣ್ಣೂ ಇತ್ತು. ಭಾವ ಎಂದರೆ ಅಕ್ಕನ ಗಂಡ, ಪ್ಲಾಸ್ಟಿಕ್ ಬಕೆಟ್ಟಿನ ವ್ಯಾಪಾರಿ. ಬಕೆಟ್ಟು ಇಡಲು ಅವರಿಗೆ ಜಾಗ ಸಾಲುತ್ತಿರಲಿಲ್ಲ. ಟಿವಿ ಹೋದ ಸುದ್ದಿ ಕಿವಿಗೆ ಬಿದ್ದದ್ದೇ ತಡ, "ಮಾವ, ನಮ್ಮನೇಲಿ ಇನ್ನೊಂದು ಟಿವಿ ಸುಮ್ಮನೆ ಬಿದ್ದಿದೆ. ನೀವು ತಗೊಳ್ಳಿ. ಮುಂದಿನ ಕೋಣೆ ನನಗಿರಲಿ" ಎಂದರು.

ಅಪ್ಪ ಯಾವುದಕ್ಕೂ ಬೇಗ ತೀರ್ಮಾನ ಹೇಳುವವರಲ್ಲ. ಎರಡು ದಿನ ಮೀಸೆ ತಿರುವಿ ಕೊನೆಗೆ ನನ್ನನ್ನು ಕರೆದರು. "ಭಾನುವಾರದೊಳಗೆ ಚಿತ್ರ ಮೊದಲಿನ ಹಾಗೇ ಬಂದರೆ ಕೋಣೆ ನಿಂದು. ಬರದಿದ್ರೆ ಬಕೆಟ್ಟಿಗೆ. ಮತ್ತೆ ನನ್ನ ಹತ್ರ ದುಡ್ಡು ಕೇಳಬೇಡ."

ಕೇಳಲಿಲ್ಲ. ಅಜ್ಜಿಯ ಮಂಚದ ಮೇಲೆ ಹಳೆಯ ಚಾದರ ಹಾಸಿ, ಟಿವಿಯನ್ನು ಮುಖ ಕೆಳಗೆ ಮಾಡಿ ಮಲಗಿಸಿ ಬಿಚ್ಚಿದೆ. ಮೂವತ್ತೊಂದು ಸ್ಕ್ರೂ. ಅದರಲ್ಲಿ ಎರಡನ್ನು ಸ್ಟಿಕ್ಕರಿನ ಅಡಿ ಬಚ್ಚಿಟ್ಟಿದ್ದರು, ಬಡವ ಬಿಚ್ಚದಿರಲಿ ಎಂದು. ಪರದೆಯ ಹಾಳೆಗಳನ್ನು ಒಂದೊಂದಾಗಿ ಎತ್ತಿಟ್ಟರೆ ಅಡಿಯಲ್ಲಿ ಮೂರು ಪಟ್ಟಿ, ಪಟ್ಟಿಯ ತುಂಬ ಸಾಲಾಗಿ ಪುಟ್ಟ ದೀಪಗಳು. ಒಂದು ಸುಟ್ಟರೂ ಎಲ್ಲವೂ ಮುಷ್ಕರ ಹೂಡುತ್ತವೆ.

ಸುಟ್ಟದ್ದು ಯಾವುದೆಂದು ನೋಡಲು ಸೆಲ್ ಬೇಕಿತ್ತು. ಅಜ್ಜಿಯ ಟಾರ್ಚಿನಿಂದಲೇ ತೆಗೆದೆ.

"ನನ್ನ ಟಿವಿನೂ ಬಿಚ್ಚಿದೆ, ಟಾರ್ಚೂ ಬಿಚ್ಚಿದೆ. ಇನ್ನು ನಾನೊಬ್ಬಳು ಉಳಿದಿದ್ದೀನಿ ನೋಡು" ಎಂದಳು ಅಜ್ಜಿ.

ಎರಡು ಸೆಲ್ಲಿಗೆ ವೈರು ಸುತ್ತಿ ಒಂದೊಂದೇ ದೀಪಕ್ಕೆ ಮುಟ್ಟಿಸುತ್ತ ಹೋದೆ. ಎಲ್ಲವೂ ಮಂಕಾಗಿ ಹತ್ತಿದವು. ಮೇಲಿನ ಪಟ್ಟಿಯ ಐದನೆಯದು ಮಾತ್ರ ಹತ್ತಲಿಲ್ಲ. ಇಡೀ ಟಿವಿಯಲ್ಲಿ ಹೋಗಿದ್ದದ್ದು ಅದೊಂದೇ, ಅಕ್ಕಿಕಾಳಿನಷ್ಟು ದೊಡ್ಡದು. ಪ್ಯಾನೆಲ್ ಹೋಗಿದೆಯಂತೆ, ಎಸೆಯಬೇಕಂತೆ. ಅಂಗಡಿಯವನನ್ನು ಕರೆತಂದು ಆ ಅಕ್ಕಿಕಾಳಿನ ಮುಂದೆ ಕೂರಿಸಬೇಕು ಅನ್ನಿಸಿತು.

ಗುಜರಿಯವನ ಹತ್ತಿರ ಪರದೆ ಒಡೆದ ಇಂಥದೇ ಟಿವಿ ಇತ್ತು. ಅದರ ಪಟ್ಟಿಗಳು ಯಾರದೋ ಕಾಲಿಗೆ ಸಿಕ್ಕಿ ನಜ್ಜುಗುಜ್ಜಾಗಿದ್ದವು. ಎರಡೇ ದೀಪ ಉಳಿದಿದ್ದ ಒಂದು ತುಂಡು ಸಿಕ್ಕಿತು. ಅವನ ತೂಕದ ಕಾಟಾದ ಮುಳ್ಳು ಅದಕ್ಕೆ ಅಲುಗಲೇ ಇಲ್ಲ, ಹಾಗಾಗಿ ಪುಕ್ಕಟೆ ಕೊಟ್ಟ. ದೀಪ ಕೀಳಲು ಪಟ್ಟಿ ಒಂದೇ ಸಮ ಕಾಯಬೇಕು. ಅಮ್ಮನ ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗಾಗಿ ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ, ಅದರ ಮೇಲೆ ಪಟ್ಟಿಯಿಟ್ಟು ಚಿಮುಟದಲ್ಲಿ ಎತ್ತಿದೆ.

"ಅದಕ್ಕೆ ಕರೆ ಹಿಡಿದು ನಾಳೆ ಗಿರಾಕಿ ಬಟ್ಟೆಗೆ ಹತ್ತಲಿ, ಆಗ ನಿನ್ನನ್ನೇ ಇಸ್ತ್ರಿ ಮಾಡ್ತೀನಿ" ಎಂದಳು ಅಮ್ಮ. ಆದರೆ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದಳು.

ಪ್ರತಿ ದೀಪದ ಮೇಲೂ ಟೋಪಿಯ ಹಾಗೆ ಒಂದು ಲೆನ್ಸು ಇರುತ್ತದೆ. ಗಾಜಿನ ಗುಂಡಿಯಂಥದ್ದು, ಅಡಿಯಲ್ಲಿ ಮೂರು ಮೊಂಡು ಕಾಲು. ಬೆಳಕನ್ನು ಹರಡುವುದು ಅದೇ. ನಮ್ಮ ಐದನೆಯ ದೀಪದ ಲೆನ್ಸು ಕಿತ್ತು ಜೋಪಾನವಾಗಿ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಟೇಬಲ್ಲಿನ ಮೇಲಿಟ್ಟಿದ್ದೆ. ಗುಜರಿಯ ತುಂಡಿನಲ್ಲಿ ಲೆನ್ಸು ಇರಲಿಲ್ಲ. ಆದ್ದರಿಂದ ಇದೊಂದೇ.

ಹೊಸ ದೀಪ ಕೂತಿತು, ಸೆಲ್ ಮುಟ್ಟಿಸಿದರೆ ಹತ್ತಿತು. ಅದೇ ಗಳಿಗೆಗೆ ಭಾವನ ಫೋನು. ಅಪ್ಪ ಅದನ್ನು ಸ್ಪೀಕರಿಗೆ ಹಾಕಿದರು.

"ಏನಂತಾರೆ ನಮ್ಮ ಇಂಜಿನಿಯರು? ಒಂಬತ್ತನೇ ಕ್ಲಾಸಲ್ಲಿ ಟಿವಿ ಪಾಠ ಇತ್ತೇನೋ ಕೆಂಡ? ಮಾವ, ಬೆಂಕಿಗಿಂಕಿ ಹಚ್ಚಿಯಾನು, ನಾಲ್ಕು ಬಕೆಟ್ ಮೊದಲೇ ಕಳಿಸ್ಲಾ?"

ನಾನು ಟೇಬಲ್ಲಿಗೆ ಗುದ್ದಿದೆ. ಮುಚ್ಚಳ ಹಾರಿತು. ಲೆನ್ಸೂ ಹಾರಿತು.

ಎರಡು ದಿನ ನೆಲದ ಮೇಲೆ ತೆವಳಿ ಹುಡುಕಿದೆ. ಅಮ್ಮನ ಗುಂಡಿ ಡಬ್ಬಿ ಸುರಿದೆ, ಕಸದ ಮೊರ ಜಾಲಾಡಿದೆ, ಅಜ್ಜಿಯ ಮಾತ್ರೆಗಳನ್ನೂ ಒಂದೊಂದಾಗಿ ಎಣಿಸಿದೆ. ಸಿಗಲಿಲ್ಲ. ಭಾನುವಾರ ಬಂದುಬಿಟ್ಟಿತು. ಲೆನ್ಸು ಇಲ್ಲದೆಯೇ ಜೋಡಿಸಿದೆ.

ಮಧ್ಯಾಹ್ನ ಭಾವ ಸಾಮಾನಿನ ಗಾಡಿಯಲ್ಲಿ ಬಂದಿಳಿದರು. ಬಾಗಿಲಲ್ಲಿ ಬಕೆಟ್ಟಿನ ನಾಲ್ಕು ಗೋಪುರ. ಚಪ್ಪಲಿ ಬಿಟ್ಟು ಒಳಗೆ ಬಂದು, ಮದುವೆಯಲ್ಲೂ ಅಷ್ಟು ಗಂಭೀರವಾಗಿ ಕೂರದವರು ಟಿವಿ ಮುಂದೆ ಕೂತರು. ಸ್ವಿಚ್ ಹಾಕಿದೆ. ಚಿತ್ರ ಬಂತು. ಬಣ್ಣ, ಮುಖ, ಅಕ್ಷರ ಎಲ್ಲ ಬಂತು. ಜೊತೆಗೆ ಮೇಲ್ಗಡೆ ಬಟ್ಟಲಿನಷ್ಟು ಒಂದು ಬಿಳಿ ಚುಕ್ಕೆ, ಸರಿಯಾಗಿ ವಾರ್ತೆ ಓದುವವಳ ಹಣೆಯ ಮೇಲೆ.

"ಪಾಪ, ಯಾವಾಗ ಬಿದ್ದು ಪೆಟ್ಟು ಮಾಡ್ಕೊಂಡಳು?" ಎಂದಳು ಅಜ್ಜಿ.

"ಮೊದಲಿನ ಹಾಗೆ ಬಂದರೆ ಅಂದಿದ್ರಿ ಮಾವ" ಭಾವ ಎದ್ದರು. "ಮೊದಲು ಇವಳ ತಲೇಲಿ ಬಲ್ಬ್ ಇತ್ತಾ?"

"ಒಂದು ಲೆನ್ಸು ಕಳೆದಿದೆ, ಅದಕ್ಕೇ" ಎಂದೆ.

"ಹೇಗೆ ಕಳೀತು?"

ನಾನು ಬಾಯಿ ಬಿಡುವ ಮೊದಲೇ ಅಜ್ಜಿ ಬಿಟ್ಟಳು. "ಟೇಬಲ್ಲಿಗೆ ಗುದ್ದಿದ."

ಅಪ್ಪ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ನಾಳೆ ಗಿರಾಕಿ ಟಿವಿ ತಂದಿಡ್ತಾನೆ. ಚೌಕಾಸಿ ಮಾಡ್ತಾನೆ, ಕೊಂಕು ಮಾತಾಡ್ತಾನೆ. ಅವನ ಸಾಮಾನೂ ಹೀಗೇ ಹಾರುತ್ತಾ?"

ಮೈ ಉರಿಯುತ್ತಿತ್ತು, ಆದರೆ ಉರಿಯೆಲ್ಲ ನನ್ನ ಮೇಲೆಯೇ. ಬಾಗಿಲಿಗೆ ಹೋಗಿ ನಾನೇ ಒಂದು ಗೋಪುರ ಎತ್ತಿಕೊಂಡೆ. ಭಾವ ಇನ್ನೊಂದನ್ನು ತಬ್ಬಿಕೊಂಡು ಮುಂದಿನ ಕೋಣೆಗೆ ಮೊದಲು ಕಾಲಿಟ್ಟರು.

ಇಟ್ಟ ಕಾಲು ತಕ್ಷಣ ಮೇಲೆ ಬಂತು. "ಅಯ್ಯಯ್ಯೋ ಅಮ್ಮಾ" ಎಂದು ಒಂಟಿಕಾಲಲ್ಲಿ ಮೂರು ಸುತ್ತು ಕುಣಿದರು. ಗೋಪುರ ಬಿತ್ತು. ಅದರಿಂದ ಬಿಡಿಸಿಕೊಂಡ ಒಂದು ನೀಲಿ ಬಕೆಟ್ಟಿನೊಳಗೆ ಭಾವ ಸೊಂಟದವರೆಗೆ ಕೂತುಬಿಟ್ಟರು. ಬಕೆಟ್ಟು ಚಟ್ ಎಂದಿತು. ಗಾಳಿಯಲ್ಲಿದ್ದ ಅವರ ಹಿಮ್ಮಡಿಯಲ್ಲಿ ಏನೋ ಹೊಳೆಯಿತು.

ನಾನು ನನ್ನ ಗೋಪುರ ಕೆಳಗಿಟ್ಟು, ಮೊಣಕಾಲೂರಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದೆ. "ಭಾವ, ಅಲ್ಲಾಡಬೇಡಿ. ದಯವಿಟ್ಟು. ಮುರಿದುಹೋಗುತ್ತೆ."

"ಮೂಳೆ ಮುರಿದಿದ್ಯೇನೋ?"

"ಮೂಳೆ ಅಲ್ಲ, ಲೆನ್ಸು."

ದಿನವೂ ಗುಡಿಸುವಾಗ ಅಮ್ಮ ಕಸವನ್ನು ಈ ಕೋಣೆಯ ಹೊಸ್ತಿಲು ದಾಟಿಸಿಯೇ ಹೊರಗೆ ತಳ್ಳುವುದು. ಹೊಸ್ತಿಲ ಸಂದಿಯಲ್ಲಿ ಕಾಲು ಮೇಲೆ ಮಾಡಿ ಕಾದು ಕೂತಿತ್ತು ಅದು. ಮೂರು ಕಾಲೂ ನೆಟ್ಟಗಿದ್ದವು.

ಅಮ್ಮ, ಅಪ್ಪ ಸೇರಿ ಬಕೆಟ್ಟಿನಿಂದ ಅಳಿಯನನ್ನು ಹೊರಗೆ ಎಳೆದರು. ಅಪ್ಪ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಅಂಗೈಗೆ ಹಾಕಿದರು. "ಈಗಲೇ ಬಿಚ್ಚು. ನಾವೆಲ್ಲ ಇಲ್ಲೇ ಕೂತಿರ್ತೀವಿ. ಅಳಿಯಂದಿರು ಏನು ಬೇಕಾದ್ರೂ ಮಾತಾಡ್ಲಿ. ಒಂದೇ ಒಂದು ಗುದ್ದು ಬಿತ್ತೋ, ಬಕೆಟ್ಟು ಒಳಗೆ."

ಭಾವ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಶುರುಮಾಡಿದರು. ಮೊದಲ ಹತ್ತು ಸ್ಕ್ರೂಗೆ ನನ್ನ ಶಾಲೆ. ಮುಂದಿನ ಹತ್ತಕ್ಕೆ ನಾನು ಬಿಟ್ಟ ಕೆಲಸ. ಹಾಳೆ ಎತ್ತುವ ಹೊತ್ತಿಗೆ ನನ್ನ ಕೂದಲು, ನನ್ನ ನಡಿಗೆ. ನಾನು ಹಲ್ಲು ಕಚ್ಚಿಕೊಂಡು ಲೆನ್ಸಿನ ಮೂರು ಕಾಲಿಗೂ ಅಂಟು ಹಚ್ಚುತ್ತಿದ್ದೆ.

"ಮಾವ, ಇವನಿಗೆ ಹೆಣ್ಣು ಕೊಡೋ ಮನೆಯವರು ಮೊದಲು ಟೇಬಲ್ ಕೊಡಬೇಕಾಗುತ್ತೆ, ಕಬ್ಬಿಣದ್ದು" ಎಂದರು ಭಾವ.

ನನ್ನ ಬಲಗೈ ತಾನಾಗಿ ಮುಷ್ಟಿಯಾಯಿತು, ಮೇಲೆ ಹೋಯಿತು. ಅಪ್ಪ ಟೀ ಲೋಟ ಎತ್ತಿಕೊಂಡರು. ಅಮ್ಮ ಸೂಜಿ ಡಬ್ಬಿ ಎತ್ತಿಕೊಂಡಳು. ಅಜ್ಜಿ ಟಾರ್ಚನ್ನು ಎದೆಗವಚಿಕೊಂಡಳು. ಭಾವ ಮಾತ್ರ ಮುಂದಕ್ಕೆ ಬಗ್ಗಿದರು, ಮುಖದಲ್ಲಿ ಇಷ್ಟಗಲ ಆಸೆ.

ಮುಷ್ಟಿ ಅಲ್ಲೇ ನಿಂತಿತು. ನಿಂತಷ್ಟು ಹೊತ್ತೂ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಬೆನ್ನು ಕೆರೆದುಕೊಂಡೆ.

"ಭಾವ, ಟಾರ್ಚ್ ಹಿಡೀರಿ ಸ್ವಲ್ಪ. ಬೆಳಕು ಸಾಲ್ತಿಲ್ಲ."

ಭಾವ ಅಪ್ಪನ ಮುಖ ನೋಡಿದರು. ಅಪ್ಪ ತಲೆಯಾಡಿಸಿದರು. ಉಳಿದ ಮುಕ್ಕಾಲು ಗಂಟೆ ಭಾವ ನನ್ನ ಭುಜದ ಹಿಂದೆ ಟಾರ್ಚ್ ಹಿಡಿದು ನಿಂತರು, ಒಂದೇ ಕಾಲಲ್ಲಿ. ನೋವಿಗೆ ಮಾತು ತಾನಾಗಿಯೇ ಕಡಿಮೆಯಾಯಿತು.

ಸ್ವಿಚ್ ಹಾಕಿದಾಗ ವಾರ್ತೆಯವಳ ಹಣೆ ನುಣ್ಣಗಿತ್ತು. ಭಾವ ಪರದೆಗೆ ಮೂಗು ತಾಗಿಸಿ ಮೂಲೆ ಮೂಲೆ ಹುಡುಕಿದರು. ಏನೂ ಸಿಗದೆ, "ಸೌಂಡು ಸ್ವಲ್ಪ ಕಮ್ಮಿ ಅನ್ಸುತ್ತೆ" ಎಂದು ಚಪ್ಪಲಿ ಮೆಟ್ಟಿದರು. ಬಕೆಟ್ಟುಗಳು ಗಾಡಿ ಹತ್ತಿದವು, ಬಿರುಕು ಬಿಟ್ಟ ನೀಲಿಯದೊಂದು ಬಿಟ್ಟು.

ಅದು ಈಗ ಮುಂದಿನ ಕೋಣೆಯಲ್ಲಿ ನನ್ನ ಟೇಬಲ್ಲಿನ ಪಕ್ಕ ಇದೆ. ಸ್ಕ್ರೂ ಹಾಕುತ್ತೇನೆ, ಸಣ್ಣವು ಬಿರುಕಿನಿಂದ ನುಸುಳಿ ಹೋಗುತ್ತವೆ, ಆಗ ಬಕೆಟ್ಟಿಗೇ ಒದೆಯುತ್ತೇನೆ. ಅದಕ್ಕೆ ಅಪ್ಪನ ಅಭ್ಯಂತರವಿಲ್ಲ. ಒಳಗೆ ಅಜ್ಜಿ ಪೂರ್ತಿ ಬೆಳಗುವ ಟಿವಿಗೆ ಇನ್ನೂ ಟಾರ್ಚ್ ಬಿಟ್ಟುಕೊಂಡೇ ಕೂರುತ್ತಾಳೆ.

"ಎಲ್ಲ ಕಾಣ್ತಿದೆಯಲ್ಲ ಅಜ್ಜಿ, ಅದ್ಯಾಕೆ?"

"ನಿಮ್ಮಮ್ಮ ಮತ್ತೆ ಜೇಬು ನೋಡ್ತಾ ಇದ್ದಾಳೆ. ಮುಖ ಎಲ್ಲಿದೆ ಅಂತ ತೋರಿಸ್ತಿದ್ದೀನಿ."