ಕೌಂಟರಿನ ಕುರ್ಚಿ

"ಕೊಯ್ದ ಮೇಲೆ ಮತ್ತೆ ಬೆಳೆಯೋಕೆ ಇದೇನು ಕೂದಲಾ ಅಮ್ಮಾವ್ರೇ?" ಎಂದು ಬಡಗಿ ಮೇಜಿನ ಕೆಳಗಿಂದಲೇ ಕೇಳಿದ.

ಲಾಂಡ್ರಿಯ ಒಡತಿಗೆ ನಗು ಬರಲಿಲ್ಲ. ಹೋದ ವಾರ ಇದೇ ಬಡಗಿಯನ್ನು ಕರೆಸಿ, ಇದೇ ಮೇಜಿನ ಕಾಲುಗಳನ್ನು ಗೇಣುದ್ದ ಕೊಯ್ಯಿಸಿದ್ದಳು; ಈಗ ಮತ್ತೆ ಮೊದಲಿನಷ್ಟೇ ಎತ್ತರ ಮಾಡು ಎನ್ನುತ್ತಿದ್ದಳು. ಹೋಟೆಲುಗಳ ಬೆಡ್‌ಶೀಟು ಮಡಿಸುವ ಇಬ್ಬರಲ್ಲಿ ಹಿರಿಯವಳು ಭುಜದ ಆಪರೇಷನ್ ಮಾಡಿಸಿಕೊಂಡು, ಉದ್ದನೆಯ ರಜೆ ಮುಗಿಸಿ ಬಂದಿದ್ದಳು. ಕೈಯನ್ನು ಭುಜದಿಂದ ಮೇಲಕ್ಕೆ ಎತ್ತಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದರು. ಮೇಜನ್ನೇ ತಗ್ಗಿಸಿದರೆ ಕೈ ಎತ್ತುವ ಪ್ರಮೇಯವೇ ಬರುವುದಿಲ್ಲ ಎಂದು ಒಡತಿ ಯೋಚಿಸಿದ್ದಳು. ಯೋಚನೆ ಸರಿಯಾಗಿಯೇ ಇತ್ತು. ಮೇಜಿನ ಆಚೆ ತುದಿಯಲ್ಲಿ ನಿಲ್ಲುವವಳು ಏಣಿಯಷ್ಟು ಉದ್ದ ಎಂಬುದೊಂದು ಅದರಲ್ಲಿ ಬಿಟ್ಟುಹೋಗಿತ್ತು.

ಆ ಏಣಿಯಂಥವಳು ಈಗ ಒಂದು ಕೈಯನ್ನು ಸೊಂಟದ ಮೇಲಿಟ್ಟು, ಇನ್ನೊಂದರಲ್ಲಿ ತನ್ನದೇ ಡಾಕ್ಟರ ಚೀಟಿ ಚಾಚಿಕೊಂಡು ನಿಂತಿದ್ದಳು.

"ಬಗ್ಗಬಾರದಂತೆ. ನನಗೂ ರಜೆ ಬೇಕು."

"ನಿನಗೂನಾ?"

"ಯಾಕೆ, ನನ್ನ ಸೊಂಟ ಏನು ಬಾಡಿಗೆಗೆ ತಂದಿದ್ದಾ? ಮನೇಲೂ ಅವಳ ಮುಂದೆ ಬಗ್ಗಬೇಕು, ಇಲ್ಲೂ ಬಗ್ಗಬೇಕು ಅಂದ್ರೆ?"

ಅವಳೆಂದರೆ ಹಿರಿಯವಳೇ. ಅಣ್ಣತಮ್ಮಂದಿರನ್ನು ಮದುವೆಯಾಗಿ ಇಬ್ಬರೂ ಓರಗಿತ್ತಿಯರಾಗಿದ್ದರು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ, ಯಾವುದೋ ಹಳೇ ಜಗಳಕ್ಕೆ ಮಾತು ಬಿಟ್ಟಿದ್ದರು. ಆದರೆ ಶೀಟಿನ ಎರಡು ತುದಿ ಹಿಡಿದು ನಿಂತರೆ ಅವರಿಗೆ ಮಾತು ಬೇಕಿರಲಿಲ್ಲ. ಒಬ್ಬಳು ಉಸಿರೆಳೆದರೆ ಇನ್ನೊಬ್ಬಳು ಜಾಡಿಸುತ್ತಿದ್ದಳು; ಬಟ್ಟೆ ಛಟೀರೆಂದು ಗಾಳಿಯಲ್ಲಿ ಹರಡಿ, ಸುಕ್ಕಿಲ್ಲದೆ ಇಳಿಯುತ್ತಿತ್ತು. ಹಿರಿಯವಳು ರಜೆಯಲ್ಲಿದ್ದಾಗ ಬದಲಿಗೆ ಬಂದ ಹುಡುಗಿ ಆ ಛಟೀರನ್ನು ಕಲಿಯದಿದ್ದರೂ ಉಳಿದದ್ದನ್ನೆಲ್ಲ ಕಲಿತಿದ್ದಳು. ಈಗ ಅವಳ ಕಣ್ಣು ಕಾಯಂ ಕೆಲಸದ ಮೇಲಿತ್ತು. ಹಿರಿಯವಳನ್ನೂ ಈ ಹುಡುಗಿಯನ್ನೂ ಒಟ್ಟಿಗೆ ಇಟ್ಟುಕೊಳ್ಳುವ ತಾಕತ್ತು ಲಾಂಡ್ರಿಗಿರಲಿಲ್ಲ.

ಬೆಳಿಗ್ಗೆ ವ್ಯಾನಿಗೆ ಮೂಟೆ ಏರಿಸುತ್ತ ಒಡತಿಯ ಗಂಡ ಅದನ್ನೇ ಹೇಳಿದ್ದ. "ಸಂಜೆಯೊಳಗೆ ಇಬ್ಬರಲ್ಲಿ ಒಬ್ಬರಿಗೆ ನಾಳೆಯಿಂದ ಬರಬೇಡ ಅಂತ ಹೇಳಿಬಿಡು. ಭುಜ ನೆಟ್ಟಗಿರೋಳು ಇರಲಿ. ನೀನು ನಡೆಸ್ತಿರೋದು ಲಾಂಡ್ರಿನಾ, ಆಸ್ಪತ್ರೆನಾ?"

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಇದಕ್ಕಿಂತ ಸುಲಭ ಎಂದುಕೊಂಡಳು ಒಡತಿ. ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಚೀಟಿ ಹಿಡಿದು ಹಾರುತ್ತದೆ. ತನಗೆ ರಜೆ ಬರೆದುಕೊಡುವ ಡಾಕ್ಟರು ಯಾವ ಊರಿನಲ್ಲಿದ್ದಾರೋ. ಕೊನೆಗೆ, ರಾತ್ರಿಯಿಡೀ ಹೊರಳಾಡಿ ಹುಡುಕಿದ್ದ ಉಪಾಯವನ್ನು ಹೊರತೆಗೆದಳು.

"ಹೋಗಲಿ ಬಿಡಿ," ಎಂದು ಹಿರಿಯವಳ ಕಡೆ ತಿರುಗಿದಳು. "ಇವತ್ತಿಂದ ನೀನು ಕೌಂಟರಿನ ಹತ್ತಿರ ಕುರ್ಚಿ ಹಾಕ್ಕೊಂಡು ಕೂತ್ಕೋ. ಬಂದ ಬಟ್ಟೆಗೆ ಗುರುತು ಕಟ್ಟು, ಅಷ್ಟೇ. ಆರಾಮ ಕೆಲಸ."

ಹಿರಿಯವಳ ಮುಖ ಬಿಳಿಚಿಕೊಂಡಿತು. "ನಾನೇನು ತಪ್ಪು ಮಾಡಿದೆ ಅಮ್ಮಾವ್ರೇ?"

"ತಪ್ಪಾ? ಕುರ್ಚಿ ಕೊಡ್ತಿದ್ದೀನಿ ಕಣೇ, ಶಿಕ್ಷೆ ಅಲ್ಲ!"

ಅದಕ್ಕೆ ಮಾತಾಡಿದ್ದು ಕಿರಿಯವಳು, ಆ ಏಣಿಯಂಥವಳೇ. "ಆ ಕುರ್ಚಿಗೆ ಇಲ್ಲಿ ಏನಂತಾರೆ ಗೊತ್ತಾ ನಿಮಗೆ? ಬಸ್‌ಸ್ಟಾಪ್."

"ಏನಂದೆ?"

"ಕಣ್ಣು ಮಂಜಾಯ್ತು ಅಂತ ಇಸ್ತ್ರಿ ಅಜ್ಜನ್ನ ಕೂರಿಸಿದ್ರಿ. ಬಸುರಿ ಅಂತ ಆ ಗುಂಗುರು ಕೂದಲಿನೋಳನ್ನ ಕೂರಿಸಿದ್ರಿ. ಈಗ ಎಲ್ಲಿದ್ದಾರೆ ಅವರು?"

"ಅವರಾಗೇ ಬಿಟ್ಟು ಹೋದ್ರು!"

"ಬಸ್ಸು ಬಂದ್ಮೇಲೆ ಯಾರು ಕೂತಿರ್ತಾರೆ ಅಮ್ಮಾವ್ರೇ?"

ಮೇಜಿನ ಕೆಳಗೆ ಬಡಗಿ ಕಿಸಕ್ಕೆಂದ. ಒಡತಿಯ ಕಿವಿ ಬಿಸಿಯಾಯಿತು. ಎಲ್ಲಕ್ಕಿಂತ ಮೆತ್ತನೆಯ ದಿಂಬನ್ನು ಹುಡುಕಿ ಆ ಕುರ್ಚಿಗೆ ಹಾಕಿದ್ದು ತಾನು. ಅಜ್ಜ ಹೋಗುವಾಗ ಕೈ ಮುಗಿದದ್ದೂ ನೆನಪಿತ್ತು. ಅದನ್ನು ಕೃತಜ್ಞತೆ ಎಂದೇ ತಿಳಿದಿದ್ದಳು. ಒಳ್ಳೆಯದು ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು ಎಂದು ಕಿರುಚಿಬಿಡಬೇಕು ಎನ್ನಿಸಿತು.

ಅಷ್ಟರಲ್ಲಿ ಹಿರಿಯವಳು ಡಬಲ್ ಬೆಡ್ಡಿನ ಶೀಟೊಂದನ್ನು ರಾಶಿಯಿಂದ ಎಳೆದುಕೊಂಡಳು. "ನನಗೇನೂ ಆಗಿಲ್ಲ. ನೋಡಿ ಬೇಕಾದ್ರೆ," ಎನ್ನುತ್ತ ಎರಡೂ ಕೈಯೆತ್ತಿ ಜಾಡಿಸಿದಳು. ಶೀಟು ಅರ್ಧಕ್ಕೇ ಕುಸಿದು ಅವಳ ತಲೆಯ ಮೇಲೆ ಬಿತ್ತು. ಅದರೊಳಗಿಂದ ಬಂದ ದನಿ ಕೇಳಿ ಬಡಗಿ ಎದ್ದು ನಿಂತ.

ಕಿರಿಯವಳು ಹೋಗಿ ಶೀಟು ಸರಿಸಿದಳು. ಕಣ್ಣೀರು ತುಂಬಿದ ಓರಗಿತ್ತಿಯ ಮುಖವನ್ನು ಒಂದು ಗಳಿಗೆ ನೋಡಿ, ಮೂಲೆಯಲ್ಲಿದ್ದ ಖಾಲಿ ಸೋಪಿನ ಡ್ರಮ್ಮನ್ನು ಕಾಲಿನಿಂದಲೇ ಉರುಳಿಸಿ ತಂದು ಬೋರಲು ಹಾಕಿದಳು.

"ಕೂತ್ಕೋ."

"ನಾನು ಕೂರಲ್ಲ."

"ಕುರ್ಚಿ ಅಲ್ಲ ಕಣೇ ಇದು, ಡ್ರಮ್ಮು. ಇದರ ಮುಂದೆ ಯಾವ ಬಸ್ಸೂ ನಿಲ್ಲಲ್ಲ. ಕೂತ್ಕೋ ಅಂದ್ರೆ."

ಹಿರಿಯವಳು ಕೂತಳು. ಕಿರಿಯವಳು ಶೀಟಿನ ಎರಡು ಮೂಲೆಗಳನ್ನು ಅವಳ ಮಡಿಲಿಗೆ ತುರುಕಿ, ಉಳಿದೆರಡನ್ನು ಹಿಡಿದು ಗೋಡೆಯವರೆಗೂ ನೆಟ್ಟಗೆ ಹಿಂದೆ ಹಿಂದೆ ನಡೆದಳು. ಬಟ್ಟೆ ಬಿಗಿಯಾಯಿತು. ಜಾಡಿಸಿದ್ದು ಅವಳೊಬ್ಬಳೇ. ನಂತರ ನಡೆದು ಬಂದಳು, ಮೂಲೆಗೆ ಮೂಲೆ ಕೂಡಿಸಿದಳು, ಮಡಿಕೆ ಹಿಡಿದು ಮತ್ತೆ ಹೋದಳು. ಮೇಜಿನ ಹಂಗೇ ಬೇಕಾಗಲಿಲ್ಲ. ಮೊದಲನೆಯ ಶೀಟು ಸೊಟ್ಟಗಾಯಿತು. ಎರಡನೆಯದೂ ಸ್ವಲ್ಪ ಸೊಟ್ಟವೇ.

"ಮತ್ತೆ ನಿನ್ನ ರಜೆ?" ಎಂದಳು ಒಡತಿ.

"ಡಾಕ್ಟರು ಬಗ್ಗಬೇಡ ಅಂದಿದ್ದಾರೆ. ನಡೀಬೇಡ ಅಂದಿಲ್ಲ."

"ಹಂಗಾದ್ರೆ ಈ ಮೇಜು?" ಎಂದ ಬಡಗಿ.

"ಮನೆಗೆ ತಗೊಂಡು ಹೋಗಿ ಒಲೆಗೆ ಹಾಕ್ಕೋ!" ಎಂದು ಒಡತಿ ರೇಗಿದಳು.

ಗಂಡ ಬಾಗಿಲಲ್ಲಿ ಇಣುಕಿ, ಡ್ರಮ್ಮನ್ನೂ ಅದರ ಮೇಲೆ ಕೂತವಳನ್ನೂ ನೋಡಿ ಹುಬ್ಬೇರಿಸಿದ. "ಯಾರಿಗೆ ಹೇಳಿದೆ?"

ಒಡತಿ ಅವನನ್ನು ಬದಿಗೆ ಸರಿಸಿ ಹಿತ್ತಿಲಿಗೆ ನಡೆದಳು. ಅಲ್ಲಿ ಬದಲಿಯವಳು ಒದ್ದೆ ಶೀಟುಗಳನ್ನು ತಂತಿಗೆ ಹಾಕುತ್ತಿದ್ದಳು. ಬಂದಾಗಿನಿಂದ ಒಂದು ರಜೆ ಕೇಳಿದವಳಲ್ಲ, ಒಂದು ಚೀಟಿ ತಂದವಳಲ್ಲ. ಹಲ್ಲುಗಳ ನಡುವೆ ಸಾಲಾಗಿ ಕ್ಲಿಪ್ಪುಗಳನ್ನು ಕಚ್ಚಿಕೊಂಡಿದ್ದರಿಂದ ಒಡತಿಯನ್ನು ಕಂಡು ಕಣ್ಣಲ್ಲೇ ನಕ್ಕು, ಏನು ಎಂಬಂತೆ ಗಲ್ಲ ಎತ್ತಿದಳು. ಒಡತಿ ತಂತಿಯ ಈಚೆ ನಿಂತಳು. ಹುಡುಗಿ ಒಂದು ಕ್ಲಿಪ್ಪನ್ನು ಬಾಯಿಂದ ತೆಗೆದು ಸಿಕ್ಕಿಸಿದಳು, ಇನ್ನೊಂದನ್ನು ತೆಗೆದಳು. ಬಾಯಿ ಖಾಲಿಯಾಗಲಿ ಎಂದು ಒಡತಿ ಕಾದಳು. ಕಾಯುತ್ತಲೇ, ಬುಟ್ಟಿಯಿಂದ ಜಾರಿ ನೆಲ ಮುಟ್ಟುತ್ತಿದ್ದ ಶೀಟಿನ ಅಂಚನ್ನು ಎತ್ತಿ, ನೀರು ತೊಟ್ಟಿಕ್ಕುತ್ತಿದ್ದರೂ ಎದೆಗೆ ಹಿಡಿದುಕೊಂಡಳು.