ನಾಲ್ಕು ಸೊನ್ನೆ

ಫೋನು ಎಂಬತ್ತೆಂಟು ತೋರಿಸುತ್ತಿತ್ತು. ಗುರುಲಿಂಗವ್ವನ ಕೈ ತಣ್ಣಗಾಗಿತ್ತು.

ಅಂದಾನಪ್ಪ ಹೆಂಡತಿಯ ಮಣಿಕಟ್ಟಿನ ಪಟ್ಟಿಯನ್ನು ಒತ್ತಿ ನೋಡಿದರು. ಎದೆ ದುರ್ಬಲವಾದ ಮೇಲೆ ಕಟ್ಟಿದ್ದು. ನಾಡಿ ಎಣಿಸಿ, ತಂತಿಯಿಲ್ಲದೆಯೇ ಫೋನಿಗೆ ಕಳಿಸುತ್ತಿತ್ತು. ನಾಡಿ ತಪ್ಪಿದರೆ ಫೋನು ಕೂಗಬೇಕು. ಕೂಗಿರಲಿಲ್ಲ.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಒಳಗಿನಿಂದ ಏನೋ ಸದ್ದು ಬಂದಿತ್ತು. ಕಣ್ಣು ತೆರೆದು ಅಂಕಿ ನೋಡಿದ್ದರು. ಎಂಬತ್ತೆಂಟು ಇದೆಯಲ್ಲ ಎಂದು ಮತ್ತೆ ಮುಚ್ಚಿದ್ದರು.

ಈಗ ಎಂಬತ್ತೊಂಬತ್ತು.

ಸುದ್ದಿ ಇಳಕಲ್ಲಿನ ಆ ಓಣಿಯಲ್ಲಿ ಹರಡಿತು. ಒಂದೊಂದೇ ಮಗ್ಗ ನಿಂತಿತು. ಮಣ್ಣಾಗುವ ತನಕ ಅಲ್ಲಿ ಯಾರೂ ನೇಯುವುದಿಲ್ಲ. ಕೊನೆಗೆ ಗೋಡೆಯಾಚೆಯ ಹುಲ್ಲಪ್ಪನ ಮಗ್ಗವೂ ನಿಂತಿತು.

ಅಂಕಿ ಇಳಿಯತೊಡಗಿತು. ಎಂಬತ್ತು. ಎಪ್ಪತ್ತಾರು. ಎಪ್ಪತ್ತೆರಡು.

ಮೂವತ್ತು ವರ್ಷ ವಿಜ್ಞಾನ ಕಲಿಸಿದ ಅಂದಾನಪ್ಪನವರಿಗೆ ಅದು ಯಾರ ನಾಡಿ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಪಟ್ಟಿ ಮಾರಿದ ಅಂಗಡಿಯ ರೂಬಿ ಅಂದೇ ಹೇಳಿದ್ದಳು: "ಸರ್, ಗುಪ್ತ ನಂಬರ ನಾಲ್ಕು ಸೊನ್ನಿ ಐತಿ, ಬದಲ ಮಾಡ್ಕೋರಿ. ಇಲ್ಲಂದ್ರ ಯಾರ ಪಟ್ಟಿ ಬೇಕಾದ್ರೂ ಯಾರ ಫೋನಿಗರೆ ಕೂಡತೈತಿ."

"ನಮ್ಮ ಮುದುಕಿ ನಾಡಿ ಕದ್ದು ಯಾರ್ ಏನ್ ಮಾಡ್ತಾರವಾ?" ಎಂದು ನಕ್ಕಿದ್ದರು. ಹುಲ್ಲಪ್ಪ ಅಂಥದೇ ಪಟ್ಟಿ ತಂದಾಗ ಅಂದಾನಪ್ಪನವರೇ ತಮ್ಮ ಫೋನಿಗೆ ಕೂಡಿಸಿ, ಪರೀಕ್ಷಿಸಿ ಅವನ ಕೈಗೆ ಕಟ್ಟಿದ್ದರು. ಅದೇ ನಾಲ್ಕು ಸೊನ್ನೆ. ಫೋನು ಮೊದಲು ಸಿಕ್ಕಿದ್ದನ್ನು ಹಿಡಿಯುತ್ತಿತ್ತು. ಪೂಜೆಯ ಮಣೆಗೆ ಹುಲ್ಲಪ್ಪನ ಗೋಡೆಯೇ ಹತ್ತಿರ.

ಹುಲ್ಲಪ್ಪ ಕಣ್ಣೊರೆಸುತ್ತ ಬಂದ. "ಎಂಥಾ ತಾಯಿ ಹೋದ್ಲರಿ ಮಾಸ್ತರ! ನಿಮ್ಮ ಫೋನು ಕೂಗಲಿಲ್ಲೇನ್ರಿ?"

"ನಿದ್ದಿಯೊಳಗ ಹೋದ್ಲು."

"ಪುಣ್ಯವಂತಿ."

"ಹುಲ್ಲಪ್ಪ, ನಿನ್ನ ಪಟ್ಟಿ ಬಿಚ್ಚು."

"ಈಗ್ಯಾಕ್ರಿ?"

"ಬಿಚ್ಚೋ."

ಬಿಚ್ಚಿದ. ಅಂಕಿ ಅಳಿದು ಅಡ್ಡಗೆರೆ ಮೂಡಿತು. ಫೋನು ಕೂಗತೊಡಗಿತು. ಹೆಣದ ಸುತ್ತ ಕುಳಿತ ಹೆಂಗಸರು ಅಳು ನಿಲ್ಲಿಸಿ ತಿರುಗಿ ನೋಡಿದರು.

"ಏನಾತ್ರಿ?"

"ಏನಿಲ್ಲ. ಕಟ್ಟಿಕೋ."

ಮಧ್ಯಾಹ್ನ ಗುರುಲಿಂಗವ್ವನನ್ನು ಕುಣಿಯಲ್ಲಿ ಕೂಡಿಸಿದರು. ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ. ಮಣಿಕಟ್ಟಿನ ಪಟ್ಟಿಯನ್ನು ಯಾರೂ ತೆಗೆದಿರಲಿಲ್ಲ. ಅಂದಾನಪ್ಪ ನೋಡಿದರು, ಹೇಳಲಿಲ್ಲ. ಮಣ್ಣು ಬಿತ್ತು.

ಸಂಜೆ ಮಗ್ಗಗಳು ಮತ್ತೆ ಶುರುವಾದವು. ಅಂದಾನಪ್ಪ ಸ್ನಾನ ಮಾಡಿ ಮಣೆಯ ಮೇಲೆ ಕುಳಿತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಎದುರಿಗೆ ಫೋನು. ಗೋಡೆಯಾಚೆ ಲಾಳಿ ಓಡುತ್ತಿತ್ತು. ಎಂಬತ್ತು. ಎಂಬತ್ತೈದು. ಎಂಬತ್ತೆಂಟು.

ಕಣ್ಣು ಮುಚ್ಚಲು ಧೈರ್ಯ ಬರಲಿಲ್ಲ. ಅಂಗೈಯ ಲಿಂಗವನ್ನೇ ನೋಡುತ್ತ ಬೇಡಿಕೊಂಡರು:

"ಎಪ್ಪಾ ಸಂಗಯ್ಯ, ಆಕಿ ಕರದದ್ದು ನಾ ಕೇಳಲಿಲ್ಲ. ನೀನರೆ ಕೇಳು. ಆಕಿಗೆ ಶಾಂತಿ ಕೊಡು."