ಸುಡುಗಾಡು ಅನ್ನುವ ಮಾತು

ತಮಿಳುನಾಡಿಗೆ ಸೇರಿದ ನಮ್ಮ ಗೆಟ್ಟವಾಡಿಯಲ್ಲಿ ಬೆಳಿಗ್ಗೆ ಹೆಣದ ಗುಂಡಿಗೆ ಇಳಿದವನು ನಾನು, ಮಣ್ಣು ಮೆತ್ತಗಿದೆಯಲ್ಲ ಅಂತ ತೋಡುತ್ತ ತೋಡುತ್ತ ಹೋಗಿ, ಮಧ್ಯಾಹ್ನ ತಲೆ ಎತ್ತಿದರೆ ಚಾಮರಾಜನಗರದ ಸಂತೆಯಲ್ಲಿ ಸೌತೆಕಾಯಿ ಗುಡ್ಡೆಯ ನಡುವೆ ಎದ್ದಿದ್ದೆ. ಗಡಿಯ ಚೆಕ್‌ಪೋಸ್ಟಿನವರು ಮೇಲೆ ಲಾರಿ ತಡೆಯುತ್ತಿದ್ದರು. ಈ ಕರಿಯ ಅವರ ಬೂಟಿನ ಕೆಳಗೇ ರಾಜ್ಯ ದಾಟಿದ್ದ. ನಂಬದವರು ಸಂತೆಯಲ್ಲಿ ಕೇಳಬಹುದು.

ಇಂಥವನ ಕೈಯಲ್ಲಿ ಪಳಗಿದವಳು ನನ್ನ ತಂಗಿ ಸಿದ್ದಾಜಿ. ಈ ಬೆಟ್ಟದ ಮೇಲೆ ಗುಂಡಿ ತೋಡುವ ಹೆಂಗಸು ಅವಳೊಬ್ಬಳೇ. ಕೊರೊನಾ ವರ್ಷ ಗಂಡಸರೆಲ್ಲ ಹೆಣ ಕಂಡರೆ ಬೇಲಿ ಹಾರಿ ಓಡುತ್ತಿದ್ದಾಗ ಹಾರೆ ಹಿಡಿದವಳು, ಆಮೇಲೆ ಕೆಳಗಿಡಲಿಲ್ಲ.

ಅವತ್ತು ಸತ್ತಿದ್ದು ವೃಷಭೇಂದ್ರಪ್ಪನ ದೊಡ್ಡಪ್ಪ. ಲಿಂಗ ಕಟ್ಟಿದವರ ಹೆಣ ಮಣ್ಣಲ್ಲಿ ಮಲಗುವುದಿಲ್ಲ, ಕೂರುತ್ತದೆ. ಅದಕ್ಕೆ ನೇರ ಆರಡಿ ಇಳಿದು, ಪಕ್ಕದ ಗೋಡೆಯಲ್ಲಿ ಗೂಡು ಕೊರೆಯಬೇಕು. ಸಿದ್ದಾಜಿ ಒಳಗೆ ಕೊರೆಯುತ್ತಿದ್ದಳು. ನಾನು ಮೇಲೆ ನಿಂತು ಮಣ್ಣು ಎತ್ತುವ ಮಂಕರಿಯ ಹಗ್ಗ ಹಿಡಿದು ಅತಿ ಕಷ್ಟದ ಭಾಗ ನೋಡಿಕೊಳ್ಳುತ್ತಿದ್ದೆ.

"ಲೇ ಮುಂಡೆ, ಗೂಡು ವಾರೆ ಅದ ಕಣೆ. ನಮ್ಮ ದೊಡ್ಡಪ್ಪ ಯಂಗ ಕುಂತ್ಕಂಡಾರು? ನಿಮ್ಮಪ್ಪನಂಗೆ ಕುಡ್ದು ವಾಲ್ಕೊಂಡಾ?" ಎಂದ ವೃಷಭೇಂದ್ರಪ್ಪ, ಕೊಡೆಯ ನೆರಳಲ್ಲಿ ನಿಂತು. ಊರಲ್ಲಿ ನಲವತ್ತು ಎಕರೆ ಅವನದು. ಉಳಿದ ಊರೂ ತನ್ನದೇ ಅಂತ ಅವನ ಲೆಕ್ಕ.

"ನೀವೇ ವಸಿ ಇಳ್ದು ನೋಡಿ ಬುದ್ದಿ. ಸರಿ ಇಲ್ದಿದ್ರ ಯೋಳಿ, ಕೆತ್ತುತೀನಿ," ಎಂದಳು ಸಿದ್ದಾಜಿ ಒಳಗಿನಿಂದ.

ಕ್ಯಾಮರಾ ಹಿಂದಿದ್ದ ಹುಡುಗಿ, ಕನ್ನಡ ತಿಳಿಯದಿದ್ದರೂ, ಆ ದನಿಗೇ ಕಿಸಕ್ಕನೆ ನಕ್ಕಳು. ಹೆಸರು ಸಂಗೀತ, ಕೊಯಮತ್ತೂರಿನವಳು. ಗಂಡಸರ ಕೆಲಸಕ್ಕೆ ಮೊದಲು ಕೈ ಹಾಕಿದ ಹೆಂಗಸರ ಮೇಲೆ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದಳು. ಕರೆಂಟು ಕಂಬ ಹತ್ತುವವಳದು ಮುಗಿದಿತ್ತು, ಲಾರಿ ಓಡಿಸುವವಳದು ಮುಗಿದಿತ್ತು, ಈಗ ನಮ್ಮ ಸಿದ್ದಾಜಿಯದು. ಹೆಂಗಸರ ದಿನ ಕಲೆಕ್ಟರು ನೋಡುತ್ತಾರಂತೆ.

"ದಿಟವಾ, ಕಲೆಕ್ಟ್ರು ನೋಡ್ತಾರಾ?" ಸಿದ್ದಾಜಿ ನನ್ನನ್ನು ಮೂರು ಸಲ ಕೇಳಿದಳು.

ಹೆಣ ಮಣ್ಣಾದ ಮೇಲೆ ನಮ್ಮ ಕೇರಿಯಲ್ಲಿ ಸಂಗೀತ ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಕ್ಯಾಮರಾ ಎದುರು ಮಾತಾಡಿಸಿದಳು. ಸಿದ್ದಾಜಿ ಸಂತೆಯ ತಮಿಳಿನಲ್ಲಿ ತಡವರಿಸುತ್ತ ಶುರುಮಾಡಿದಳು. ಸಂಗೀತ ಬೇಡವೆಂದು ಕೈಯಾಡಿಸಿದಳು. ನಿಮ್ಮ ಮಾತಲ್ಲೇ ಹೇಳಿ ಅಕ್ಕ, ಆಗಲೇ ಜೀವ ಇರುತ್ತೆ, ತಮಿಳು ಮಾಡಿಕೊಡುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದಳು. ನಾನು ಕೈ ಎತ್ತಿದೆ. ನನ್ನ ತಮಿಳಿಗೆ ಮಧುರೆಯ ಪಂಡಿತರೇ ಬಸ್ಸು ಹತ್ತಿ ಬಂದು ಅನುಮಾನ ಕೇಳಿಕೊಂಡು ಹೋಗುತ್ತಾರೆ.

ಸಿದ್ದಾಜಿ ಕೈಯ ಮಣ್ಣು ಒರೆಸಿಕೊಂಡಳು. "ಇವ್ರ ಎಣಕ್ಕ ಗೂಡು ಕೊರೀತೀನಿ. ನಮ್ಮ ಎಣಕ್ಕ ಮೂರಡಿ ನೆಲ ಇಲ್ಲ. ಕೆರೆ ಪಕ್ಕದ ಅರ್ಧ ಎಕರೆ ಸರ್ಕಾರುದ್ದು, ನಮ್ಮ ತಾತನ ಕಾಲ್ದಿಂದ ನಮ್ಮ ಸುಡುಗಾಡು ಅದು. ವೃಷಭೇಂದ್ರಪ್ಪೋರು ಉತ್ತು ಅರಿಸಿನ ಆಕವ್ರೆ. ನಾವು ಅಳ್ಳದ ದಡದಲ್ಲಿ ಊಳ್ತೀವಿ. ಓದ ಮಳೇಲಿ ನಮ್ಮವ್ವನ ಕಾಲು ಆಚ್ಗ ಬಂದಿತ್ತು. ನಾನೇ ತಿರ್ಗ ಮುಚ್ದೆ. ನಂಗ ಸಾಲು ಬ್ಯಾಡ, ಸನ್ಮಾನ ಬ್ಯಾಡ. ನಮ್ಮ ಸುಡುಗಾಡ ನಮ್ಗ ಬುಡಿಸ್ಕೊಡಿ."

ಅವಳ ಮಾತು ಮುಗಿಯುವುದರೊಳಗೆ ಸುದ್ದಿ ವೃಷಭೇಂದ್ರಪ್ಪನ ದೊಡ್ಡಮನೆ ಮುಟ್ಟಿತ್ತು. ಸಂಜೆಗೆ ನನಗೆ ಕರೆ ಬಂತು. ಆ ಮನೆಯ ಜಗಲಿಯ ಮೇಲೆ ನಮ್ಮ ಕೇರಿಯವರು ಯಾರೂ ಕೂತವರಲ್ಲ.

ಹೋದೆ. ಅವನ ಜಗಲಿ ಹತ್ತಿ, ಮೀಸೆ ತಿರುವಿ, "ಅರಿಸಿನ ಕೀಳ್ತೀಯೋ ನಾನೇ ಕೀಳಿಸ್ಲೋ" ಅಂದೆ. ವೃಷಭೇಂದ್ರಪ್ಪ ಕಾಫಿಯನ್ನು ಪಂಚೆಯ ಮೇಲೇ ಚೆಲ್ಲಿಕೊಂಡ. ಹಟ್ಟಿಯಲ್ಲಿದ್ದ ಜೋಡಿ ಎತ್ತು ನನ್ನ ಗಂಟಲಿಗೆ ಮಂಡಿಯೂರಿದವು. ಕೇರಿಗೆ ಬಂದು ಇದನ್ನು ಹೇಳಿದಾಗ ಎತ್ತಿನ ಸಂಗತಿಗೆ ಎಲ್ಲರೂ ನಕ್ಕರು, ಉಳಿದದ್ದನ್ನು ನಂಬಿದರು. ಸಿದ್ದಾಜಿ ತನ್ನ ತಟ್ಟೆಯ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದಳು.

"ಒಂದ್ಸಲನಾರ ನಮ್ಮಪ್ಪನ ಮಗ ಆದೆ ಬುಡಣ್ಣ," ಎಂದಳು.

ಮಾರನೆಯ ದಿನ ತಾಳವಾಡಿಯಲ್ಲಿ ಸಂಗೀತಳ ಎದುರು ಕೂತು ನನ್ನ ತಂಗಿಯ ಒಂದೊಂದು ಮಾತನ್ನೂ ಮುತ್ತಿನಂತೆ ತಮಿಳಿನಲ್ಲಿ ಪೋಣಿಸಿಕೊಟ್ಟೆ.

ಎರಡು ತಿಂಗಳಾದ ಮೇಲೆ ನಮ್ಮೂರ ಪಂಚಾಯಿತಿ ಹಾಲಿನಲ್ಲಿ ಮೊದಲ ಪ್ರದರ್ಶನ. ಮಟಮಟ ಮಧ್ಯಾಹ್ನ, ಕಿಟಕಿಗೆಲ್ಲ ಟಾರ್ಪಾಲು. ಮುಂದಿನ ಸಾಲಿನಲ್ಲಿ ವೃಷಭೇಂದ್ರಪ್ಪ, ಪಕ್ಕದಲ್ಲಿ ಬೆಟ್ಟದ ಕೆಳಗಿನಿಂದ ಬಂದ ತಮಿಳು ಅಧಿಕಾರಿ. ನಾವು ಹಿಂದೆ, ನೆಲದ ಮೇಲೆ. ಪರದೆಯಲ್ಲಿ ಸಿದ್ದಾಜಿ ಗುಂಡಿಯಿಂದ ಎದ್ದು ಬಂದಾಗ ಕೇರಿಯ ಹೆಂಗಸರು ಸಿಳ್ಳೆ ಹಾಕಿದರು. ಆಮೇಲೆ ಆ ಕಲ್ಲು, ಆ ಮಾತು. ಅವಳ ದನಿ ನಮ್ಮ ಕನ್ನಡದಲ್ಲಿ, ಕೆಳಗೆ ಬಿಳಿಯ ತಮಿಳು ಅಕ್ಷರ. ನಮ್ಮ ಪ್ರಾಯದವರಿಗೆ ಅದು ಇರುವೆ ಸಾಲು. ಅಧಿಕಾರಿ ಓದುತ್ತ, ಮೆಚ್ಚಿ, ತಲೆದೂಗುತ್ತಿದ್ದ.

ಸಿದ್ದಾಜಿಯ ಮಗಳು ಮೇಘ ಒಂಬತ್ತನೆಯ ಕ್ಲಾಸು, ತಮಿಳು ಶಾಲೆ. ಅವಳು ತಟ್ಟನೆ ತಾಯಿಯ ತೋಳು ಹಿಡಿದಳು.

"ಅವ್ವ, ಕೆಳ್ಗ ಬ್ಯಾರೆ ಬರ್ದವ್ರೆ."

"ಏನಂತ?"

"ಯಜಮಾನ್ರು ನಮ್ಗ ಬೇಕಾದ್ದೆಲ್ಲ ಕೊಟ್ಟವ್ರೆ. ಅವ್ರ ಸೇವೆ ನನ್ನ ಪುಣ್ಯ. ನಮ್ಮವ್ವನೂ ಅವ್ರ ದಯದಿಂದ ನೆಮ್ಮದಿಯಾಗಿ ಮಲ್ಗವ್ಳೆ." ಮೇಘ ಪಾಠ ಒಪ್ಪಿಸುವ ದನಿಯಲ್ಲಿ ಓದಿದಳು. ಹಾಲಿಗೆಲ್ಲ ಕೇಳಿಸಿತು.

ಸಂಗೀತ ಚಿತ್ರ ನಿಲ್ಲಿಸಿ, ಮೇಘಳಿಂದ ಎಲ್ಲವನ್ನೂ ತಮಿಳಿನಲ್ಲಿ ಕೇಳಿಕೊಂಡಳು. ಅವಳ ಮುಖ ಸುಣ್ಣದಂತಾಗಿತ್ತು. ನಾನು ಅವತ್ತೇ ಕೇಳಿದೆ ಎಂದಳು ತಮಿಳಿನಲ್ಲಿ, ನನ್ನ ಕಡೆ ಕೈ ತೋರಿಸಿ. ಸುಡುಗಾಡು, ಸುಡುಗಾಡು ಅನ್ನುತ್ತಿದ್ದಾರಲ್ಲ, ನಮ್ಮಲ್ಲೂ ಅದೇ ಮಾತಿದೆ, ಅದೆಲ್ಲಿ ಹೋಯಿತು ಅಂತ ಇವರನ್ನು ಕೇಳಿದೆ. ಕನ್ನಡದಲ್ಲಿ ಅದಕ್ಕೆ ಅರ್ಥವಿಲ್ಲ, ಬೇಜಾರಾದಾಗ ಬಾಯಿಗೆ ಬರುವ ಬೈಗಳು ಅಷ್ಟೇ ಎಂದರು.

ಅದರಲ್ಲಿ ಅರ್ಧ ನಿಜ. ಏನು ಸುಡುಗಾಡು ಅಡುಗೆಯೋ, ಏನು ಸುಡುಗಾಡು ಬಸ್ಸೋ ಅಂತ ನಾವು ದಿನಾ ಅನ್ನುತ್ತೇವಲ್ಲ.

ಸಿದ್ದಾಜಿ ಎದ್ದು ಮುಂದೆ ಹೋಗಿ ಪರದೆಗೆ ಬೆನ್ನು ಕೊಟ್ಟು ನಿಂತಳು. ನಿಂತುಹೋದ ತಮಿಳು ಸಾಲು ಅವಳ ಸೀರೆಯ ಮೇಲೆ ಬಿದ್ದಿತ್ತು. ಟೊಮೆಟೊ ಚೌಕಾಸಿ ಮಾಡುವ ಸಂತೆಯ ತಮಿಳಿನಲ್ಲೇ, "ಎಂಗ ಸುಡುಗಾಡು ಎಂಗಳುಕ್ಕು ವೇಣುಂ, ಸಾರ್," ಎಂದಳು. ನಮ್ಮ ಸುಡುಗಾಡು ನಮಗೆ ಬೇಕು. ಇದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಅಧಿಕಾರಿ ವೃಷಭೇಂದ್ರಪ್ಪನ ಮುಖ ನೋಡಿದ. "ಇವಳ ಸ್ವಂತ ಅಣ್ಣನೇ ಯೋಳಿ ಬರ್ಸವನೆ ಸಾರ್," ಎಂದ ವೃಷಭೇಂದ್ರಪ್ಪ. "ಅವನ್ನೇ ಕೇಳಿ. ಎದ್ದೇಳ್ಲಾ ಕರಿಯ."

ಎದ್ದೆ. ಸಿದ್ದಾಜಿ ಅಲ್ಲಿಂದಲೇ ಕೇಳಿದಳು.

"ಆವತ್ತು ಅವ್ರ ಜಗ್ಲೀಲಿ ಏನಾಯ್ತಣ್ಣ?"

"ಅದು ಯಂಗಾಯ್ತು ಅಂದ್ರವ್ವ, ಇಪ್ಪತ್ತಾಳು ಕುಡ್ಗೋಲು ಇಡ್ಕೊಂಡು ನನ್ನ ಸುತ್ತ..."

"ಕತೆ ಬ್ಯಾಡ. ವಡುದ್ರಾ?"

"ಇಲ್ಲ."

"ಬೈದ್ರಾ?"

"ಇಲ್ಲ."

"ಕಾಸು ಕ್ವಟ್ರಾ?"

"ಇಲ್ಲ ಕಣವ್ವ."

"ಮತ್ತ?"

ಬಾಯಿಗೆ ಬರುತ್ತಿದ್ದ ಸುಳ್ಳುಗಳೆಲ್ಲ ಅವತ್ತು ಎಲ್ಲಿ ಹೋಗಿದ್ದವೋ.

"ಕುರ್ಚಿ ಆಕುದ್ರು," ಎಂದೆ. "ಅವ್ರ ಪಕ್ಕದಲ್ಲೆ. ಕುಂತ್ಕಳ್ಲಾ ಕರಿಯ, ಅಂದ್ರು. ಕುಂತ್ಕಂಡೆ."